ಜಿಲ್ಲಾಸ್ಪತ್ರೆಯ ಸಹಾಯ ಮೇಜು: ಸ್ವಯಂಸೇವಕರು ಎಲ್ಲಿ ಬೇಕು, ಎಲ್ಲಿ ಬೇಡ

ಸರ್ಕಾರಿ ಆಸ್ಪತ್ರೆಯಲ್ಲಿ ಏನಾದರೂ ಸೇವೆ ಮಾಡೋಣ ಅಂತ ಹೊರಡುವವರು ನಮ್ಮ ಊರುಗಳಲ್ಲಿ ಕಮ್ಮಿ ಏನಿಲ್ಲ. ನಿವೃತ್ತರು, ಕಾಲೇಜು ಹುಡುಗರು, ಮನೆಯವರು ಯಾರೋ ಅಲ್ಲಿ ಗುಣವಾಗಿ ಬಂದ ಮೇಲೆ ಋಣ ತೀರಿಸಬೇಕು ಅನ್ನಿಸಿದವರು. ತೊಂದರೆ ಶುರುವಾಗುವುದು ಒಳಗೆ ಕಾಲಿಟ್ಟ ಮೇಲೆ. ಅಲ್ಲಿ ಎಲ್ಲರೂ ಓಡಾಡುತ್ತಿರುತ್ತಾರೆ, ನಿಮಗೆ ಮಾತ್ರ ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ.

ಇದು ಅಂಥದೊಂದು ತಂಡದ ಪ್ರಕರಣ. ಮಧ್ಯ ಕರ್ನಾಟಕದ ಒಂದು ಜಿಲ್ಲಾಸ್ಪತ್ರೆ. ಊರಿನ ಹೆಸರು, ಜನರ ಹೆಸರು ಯಾವುದೂ ಇಲ್ಲಿ ಬರುವುದಿಲ್ಲ, ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ತಂಡದಲ್ಲಿ ನನ್ನ ಕೆಲಸ ನೋಟ್‌ಬುಕ್ ನೋಡಿಕೊಳ್ಳುವುದು. ಯಾರು ಬಂದರು, ಏನು ಕೇಳಿದರು, ಎಲ್ಲಿಗೆ ಕಳಿಸಿದೆವು, ಇಷ್ಟೇ ಅದರಲ್ಲಿ ಇರುವುದು. ರೋಗಿಯ ಹೆಸರು ಬರೆಯುವುದಿಲ್ಲ. ಕೊನೆಗೆ ನಮ್ಮ ಮಾತಿಗೆ ಬೆಲೆ ಬಂದದ್ದು ಆ ನೋಟ್‌ಬುಕ್‌ನಿಂದಲೇ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ಬಾಳೆಹಣ್ಣಿನಿಂದ ಶುರು

ತಂಡ ಹುಟ್ಟಿದ್ದು ಎಲ್ಲ ಕಡೆ ಹುಟ್ಟುವ ಹಾಗೇ, ಹಣ್ಣು ಹಂಚುವುದರಿಂದ. ಯಾರದಾದರೂ ಹುಟ್ಟುಹಬ್ಬ ಬಂದರೆ ಸಾಕು, ವಾರ್ಡಿಗೆ ಹಣ್ಣು-ಬ್ರೆಡ್ ಬರುತ್ತದೆ. ಮರುದಿನ ಪೇಪರಿನಲ್ಲಿ ಫೋಟೋ. ಒಂದು ಸೇಬು, ಅದನ್ನು ಹಿಡಿದುಕೊಂಡ ಏಳೆಂಟು ಕೈ, ಮಂಚದ ಮೇಲೆ ಮುಜುಗರದಿಂದ ನೋಡುತ್ತಿರುವ ರೋಗಿ. ನಮ್ಮವರು ಫೋಟೋ ತೆಗೆಸಿಕೊಳ್ಳುತ್ತಿರಲಿಲ್ಲ, ವಾರಕ್ಕೊಮ್ಮೆ ಸುಮ್ನೆ ಬುಟ್ಟಿ ಹಿಡಿದು ಹೋಗಿ ಬರುತ್ತಿದ್ದರು. ಆದರೆ ಕೊಡುತ್ತಿದ್ದದ್ದು ಅದೇ ಬಾಳೆಹಣ್ಣು.

ಒಂದು ದಿನ ಡಯಾಲಿಸಿಸ್ ವಿಭಾಗದ ನರ್ಸ್ ಬಾಗಿಲಲ್ಲೇ ತಡೆದರು. ಬುಟ್ಟಿ ನೋಡಿ, "ಇವರಿಗೆ ಇದನ್ನ ಕೊಟ್ಟು ರಾತ್ರಿ ನೀವು ಮನೇಲಿ ಮಲಗ್ತೀರಿ, ಓಡಾಡೋಳು ನಾನು" ಅಂದರು. ಕಿಡ್ನಿ ಕೆಲಸ ಮಾಡದವರ ಮೈಯಿಂದ ಪೊಟ್ಯಾಸಿಯಂ ಸರಿಯಾಗಿ ಹೊರಗೆ ಹೋಗುವುದಿಲ್ಲ. ರಕ್ತದಲ್ಲಿ ಅದು ಜಾಸ್ತಿಯಾದರೆ ಎದೆಬಡಿತ ಏರುಪೇರಾಗಿ ಜೀವಕ್ಕೇ ಕುತ್ತು. ಬಾಳೆಹಣ್ಣು, ಕಿತ್ತಳೆ, ಎಳನೀರು, ಅಂದರೆ ರೋಗಿ ನೋಡಲು ಹೋಗುವಾಗ ನಾವು ಕೈಯಲ್ಲಿ ಹಿಡಿದು ಹೋಗುವ ಎಷ್ಟೋ ವಸ್ತುಗಳಲ್ಲಿ ಅದು ಧಾರಾಳ. ಪಕ್ಕದ ವಾರ್ಡಿನಲ್ಲಿ ಅರ್ಧ ಜನ ಸಕ್ಕರೆ ಕಾಯಿಲೆಯವರು, ಆಪರೇಷನ್ನಿಗೆ ಮುಂಚೆ ಏನೂ ತಿನ್ನಬಾರದವರು ಒಂದಷ್ಟು ಜನ. ಹೀಗೆ ಲೆಕ್ಕ ಹಾಕಿದರೆ ಕಣ್ಣು ಮುಚ್ಚಿ ಹಣ್ಣು ಕೊಡಬಹುದಾದವರು ಆ ಮಹಡಿಯಲ್ಲಿ ಕೆಲವರೇ.

ಅವತ್ತು ಸಂಜೆ ಆಸ್ಪತ್ರೆ ಎದುರಿನ ಹೋಟೆಲಿನಲ್ಲಿ ಕೂತಾಗ ತಂಡದ ಹಿರಿಯರೊಬ್ಬರು, ಬ್ಯಾಂಕಿನಿಂದ ನಿವೃತ್ತರು, ಸ್ವಲ್ಪ ಮುನಿಸಿಕೊಂಡೇ ಕೇಳಿದರು: "ಹಾಗಾದ್ರೆ ಇವರಿಗೆ ನಮ್ಮಿಂದ ಏನು ಬೇಕು?" ಇನ್ನೊಬ್ಬರು, ಬೇರೆ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು, ಅದಕ್ಕೆ ಉತ್ತರ ಹೇಳಲಿಲ್ಲ. ನಾಳೆ ಬೆಳಗ್ಗೆ ಎಂಟಕ್ಕೆ ಓಪಿಡಿ ಬಾಗಿಲಲ್ಲಿ ಬಂದು ನಿಂತುಕೊಳ್ಳಿ, ಏನೂ ಮಾಡಬೇಡಿ, ಬರೀ ನೋಡಿ ಅಂದರು. ಮುಂದಿನದೆಲ್ಲ ಶುರುವಾದದ್ದು ಆ ನಿಲ್ಲುವುದರಿಂದ.

ನಿಂತು ನೋಡಿದಾಗ ಕಂಡದ್ದು ಇಷ್ಟು. ಜನ ಆಸ್ಪತ್ರೆಗೆ ಬಂದು ಮೊದಲು ಕೇಳುವುದು ಡಾಕ್ಟರನ್ನಲ್ಲ, ಸೆಕ್ಯುರಿಟಿಯವನನ್ನು. ಅವನು ಕೈ ತೋರಿಸುತ್ತಾನೆ. ಆ ಕೈ ತೋರಿಸಿದ ಕಡೆ ಮೂರು ಕಾರಿಡಾರ್ ಇವೆ.

ಮೇಜು

ಆಸ್ಪತ್ರೆಯ ಮುಖ್ಯಸ್ಥರಾದ ಜಿಲ್ಲಾ ಶಸ್ತ್ರಚಿಕಿತ್ಸಕರಿಗೆ ಅರ್ಜಿ ಕೊಟ್ಟು, ಚೀಟಿ ಮಾಡಿಸುವ ಕೌಂಟರಿನ ಪಕ್ಕ ಒಂದು ಮೇಜು, ಎರಡು ಕುರ್ಚಿ ಇಟ್ಟುಕೊಳ್ಳಲು ಒಪ್ಪಿಗೆ ಪಡೆದೆವು. ಲಿಖಿತ ಒಪ್ಪಿಗೆ. ಬಾಯಿಮಾತಿನ ಒಪ್ಪಿಗೆ ಆ ಅಧಿಕಾರಿಗೆ ವರ್ಗಾವಣೆ ಆಗುವವರೆಗೆ ಮಾತ್ರ ನಡೆಯುತ್ತದೆ ಅಂತ ನಮ್ಮ ತಂಡದ ನಿವೃತ್ತ ನರ್ಸಮ್ಮನಿಗೆ ಗೊತ್ತಿತ್ತು. ಪತ್ರದಲ್ಲಿ ಅವರೇ ಮೂರು ಷರತ್ತು ಸೇರಿಸಿದರು: ದುಡ್ಡು ಮುಟ್ಟುವುದಿಲ್ಲ, ಔಷಧಿ ಮುಟ್ಟುವುದಿಲ್ಲ, ಫೋಟೋ ತೆಗೆಯುವುದಿಲ್ಲ. ಮೂರನೆಯದನ್ನು ಓದಿ ಜಿಲ್ಲಾ ಸರ್ಜನ್ ನಕ್ಕರಂತೆ.

ಮೊದಲ ವಾರಗಳಲ್ಲೇ ಒಂದು ವಿಷಯ ಸ್ಪಷ್ಟವಾಯಿತು. ಆರೋಗ್ಯ ಕಾರ್ಡಿನ ಬಗ್ಗೆ ಜನರಿಗೆ ಅರ್ಧ ಗೊತ್ತು, ಆ ಅರ್ಧವೇ ತೊಂದರೆ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದವರೆಗೆ. ಇದು 2018ರಿಂದ ಇದೆ, ಗೋಡೆ ತುಂಬ ಬೋರ್ಡ್ ಇದೆ. ಆದರೆ ತುರ್ತು ಅಲ್ಲದ ದೊಡ್ಡ ಚಿಕಿತ್ಸೆಗೆ ಮೊದಲು ಸರ್ಕಾರಿ ಆಸ್ಪತ್ರೆಗೆ ಬಂದು, ಅಲ್ಲಿ ಆ ಸೌಲಭ್ಯ ಇಲ್ಲದಿದ್ದರೆ ರೆಫರಲ್ ಪತ್ರ ತಗೊಂಡೇ ಖಾಸಗಿಗೆ ಹೋಗಬೇಕು ಅನ್ನುವುದು ಹೆಚ್ಚಿನವರಿಗೆ ಗೊತ್ತಾಗುವುದು ಖಾಸಗಿ ಆಸ್ಪತ್ರೆಯ ಕೌಂಟರಿನಲ್ಲಿ. ಅಲ್ಲಿಂದ ವಾಪಸ್ ಬರುತ್ತಾರೆ. ಬಂದಾಗ ಆಧಾರ್ ಇರುತ್ತದೆ, ರೇಷನ್ ಕಾರ್ಡ್ ಊರಲ್ಲಿರುತ್ತದೆ. ರೇಷನ್ ಕಾರ್ಡ್ ಇದ್ದರೆ ಅದರಲ್ಲಿ ಸೊಸೆಯ ಹೆಸರು ಸೇರಿಸಿರುವುದಿಲ್ಲ. ಹೆಸರಿದ್ದರೆ ಓಟಿಪಿ ಹೋಗುವ ಮೊಬೈಲ್ ನಂಬರ್ ಯಾವಾಗಲೋ ಕಳೆದುಹೋದ ಸಿಮ್ಮಿನದು. ಬೆರಳಚ್ಚು ಕೊಡಿ ಅಂದರೆ, ನಲವತ್ತು ವರ್ಷ ಗದ್ದೆ ಕೆಲಸ ಮಾಡಿದ ಕೈಯ ರೇಖೆಯನ್ನು ಯಂತ್ರ ಓದುವುದಿಲ್ಲ.

ಇದನ್ನೆಲ್ಲ ನೋಡಿಕೊಳ್ಳಲು ಆಸ್ಪತ್ರೆಯಲ್ಲೇ ಆರೋಗ್ಯ ಮಿತ್ರ ಅಂತ ಒಬ್ಬರು ಇರುತ್ತಾರೆ. ಅವರ ಕೋಣೆ ಒಳಗಡೆ, ಮೆಟ್ಟಿಲ ಕೆಳಗೆ. ನಮ್ಮ ಮೇಜಿನ ಅರ್ಧ ಕೆಲಸ ಅವರ ಕೋಣೆ ತೋರಿಸುವುದು, ಉಳಿದರ್ಧ ಅಲ್ಲಿಗೆ ಹೋಗುವ ಮುಂಚೆ ಕಾಗದ ಸರಿ ಇದೆಯಾ ನೋಡಿ ಹೇಳುವುದು. ಇದರಲ್ಲಿ ಜಗಳವೇ ಬರಲಿಲ್ಲ. ಆರೋಗ್ಯ ಮಿತ್ರರಿಗೂ ಖುಷಿ, ಜನರಿಗೂ ಖುಷಿ. ಜಗಳ ಬಂದದ್ದು ಗಾಲಿಕುರ್ಚಿಯಲ್ಲಿ.

ಗಾಲಿಕುರ್ಚಿ

ಕಾಲೇಜು ಹುಡುಗರಿಗೆ ಮೇಜಿನ ಹಿಂದೆ ಕೂರುವುದು ಬೇಜಾರು. ಅವರು ಗಾಲಿಕುರ್ಚಿ ತಳ್ಳಲು ಶುರು ಮಾಡಿದರು. ನಡೆಯಲಾಗದ ಮುದುಕರನ್ನು ಓಪಿಡಿಯಿಂದ ಎಕ್ಸ್‌ರೇಗೆ, ಎಕ್ಸ್‌ರೇಯಿಂದ ವಾರ್ಡಿಗೆ. ಜನ ಕೈ ಮುಗಿದರು. ಹುಡುಗರು ಉಬ್ಬಿಹೋದರು. ಸ್ವಲ್ಪ ದಿನದಲ್ಲೇ ಗಾಲಿಕುರ್ಚಿಗಳು ಕಾಣೆಯಾಗತೊಡಗಿದವು. ಒಂದರ ಕಾಲು ಇಡುವ ಹಲಗೆ ಇಲ್ಲ, ಇನ್ನೊಂದರ ಚಕ್ರಕ್ಕೆ ಗಾಳಿ ಇಲ್ಲ, ಮೂರನೆಯದು ಯಾವುದೋ ಸ್ಟೋರ್ ರೂಮಿನಲ್ಲಿ, ಬೀಗ ಯಾರ ಹತ್ತಿರ ಅಂತ ಯಾರಿಗೂ ಗೊತ್ತಿಲ್ಲ.

ಕಾರಣ ಎಲ್ಲರಿಗೂ ಗೊತ್ತಿತ್ತು. ಸ್ಟ್ರೆಚರ್, ಕುರ್ಚಿ ತಳ್ಳುವ ಹೊರಗುತ್ತಿಗೆ ನೌಕರರು ರೋಗಿಯ ಕಡೆಯವರಿಂದ ಐವತ್ತು ನೂರು ತಗೊಳ್ಳುತ್ತಿದ್ದರು. ನಾವು ಪುಕ್ಕಟೆ ತಳ್ಳಿದರೆ ಆ ದುಡ್ಡು ಹೋಯಿತು.

ಇಲ್ಲಿ ತಂಡ ಎರಡಾಯಿತು. ಬ್ಯಾಂಕಿನವರು ನೇರ ದೂರು ಕೊಡೋಣ ಅಂದರು. ಲಂಚ ಲಂಚವೇ, ಬಡವರ ಹತ್ತಿರ ಕಿತ್ತುಕೊಳ್ಳುವುದಕ್ಕೆ ಬೇರೆ ಹೆಸರಿಲ್ಲ, ಲೋಕಾಯುಕ್ತಕ್ಕೆ ಬರೆಯೋಣ. ಹುಡುಗರೆಲ್ಲ ಅವರ ಕಡೆ. ನರ್ಸಮ್ಮ ಬೇಡ ಅಂದರು. ಅವರ ಮಾತು ಬೇರೆಯೇ ದಾರಿಯದು: ದೂರು ಕೊಟ್ಟರೆ ಇಬ್ಬರನ್ನು ಕೆಲಸದಿಂದ ತೆಗೆಯುತ್ತಾರೆ, ಏಜೆನ್ಸಿಯವರು ಬೇರೆ ಇಬ್ಬರನ್ನು ಹಾಕುತ್ತಾರೆ, ಅವರು ಮುಂದಿನ ತಿಂಗಳು ಅದನ್ನೇ ಮಾಡುತ್ತಾರೆ. ನಮ್ಮ ಮೇಜಿಗೆ ಮಾತ್ರ ಇಡೀ ಆಸ್ಪತ್ರೆಯಲ್ಲಿ ಒಬ್ಬ ಸ್ನೇಹಿತ ಉಳಿಯುವುದಿಲ್ಲ.

ಕೊನೆಗೆ ಆ ನೌಕರರನ್ನೇ ಕರೆದು ಕೂರಿಸಿ ಮಾತಾಡುವುದು ಅಂತಾಯಿತು. ಮಾತುಕತೆ ಚೆನ್ನಾಗೇನೂ ನಡೆಯಲಿಲ್ಲ. ಬ್ಯಾಂಕಿನವರು ನೀತಿ ಹೇಳಲು ಶುರು ಮಾಡಿದ ಕೂಡಲೇ ಒಬ್ಬ ಎದ್ದು ನಿಂತು, "ಸಾರ್, ನಿಮಗೆ ಒಂದನೇ ತಾರೀಕು ಪೆನ್ಶನ್ ಬರುತ್ತೆ. ನಮಗೆ ಸಂಬಳ ಆಗಿ ಮೂರು ತಿಂಗಳಾಯ್ತು" ಅಂದ. ಯಾರಿಗೂ ಏನು ಹೇಳಬೇಕು ತೋಚಲಿಲ್ಲ. ಸಂಬಳ ತಡ ಆದದ್ದು ನಿಜ, ಆಮೇಲೆ ವಿಚಾರಿಸಿದಾಗ ಗೊತ್ತಾಯಿತು. ಹಾಗಂತ ಮಗಳನ್ನು ಹೆರಿಗೆಗೆ ಕರೆತಂದ ಕೂಲಿಯವಳ ಸೆರಗಿನ ಗಂಟು ಬಿಚ್ಚಿಸುವುದು ಸರಿಯಾಗುವುದಿಲ್ಲ. ಎರಡೂ ಮಾತನ್ನು ಒಟ್ಟಿಗೆ ಹಿಡಿದುಕೊಂಡೇ ನಾವು ಮುಂದಿನ ತೀರ್ಮಾನ ಮಾಡಬೇಕಾಯಿತು.

ತೀರ್ಮಾನ ಏನಂದರೆ, ಒಳಗಿನ ಓಡಾಟ ಸಂಬಳ ಪಡೆಯುವವರ ಕೆಲಸ, ಅದನ್ನು ನಾವು ಮಾಡುವುದಿಲ್ಲ. ಆದರೆ ಗೇಟಿನ ಆಟೋ ನಿಲ್ದಾಣದಿಂದ ಓಪಿಡಿ ಬಾಗಿಲವರೆಗಿನ ಜಾಗ ಯಾರ ಡ್ಯೂಟಿ ಪಟ್ಟಿಯಲ್ಲೂ ಇಲ್ಲ. ಅಲ್ಲಿ ಜನ ಅಪ್ಪ-ಅಮ್ಮನನ್ನು ಬೆನ್ನ ಮೇಲೆ ಹೊತ್ತು ತರುತ್ತಿದ್ದರು. ಆ ದೂರಕ್ಕೆ ಮಾತ್ರ ನಮ್ಮ ಹುಡುಗರು. ದಾನಿಯೊಬ್ಬರು ಕೊಟ್ಟ ಎರಡು ಕುರ್ಚಿ ಗೇಟಿನಲ್ಲೇ ಇರುತ್ತವೆ, ಒಳಗಿನವು ಒಳಗೇ. ಜೊತೆಗೆ ತಡವಾದ ಸಂಬಳದ ವಿಷಯವನ್ನು ಆಸ್ಪತ್ರೆಯ ಉಸ್ತುವಾರಿ ನೋಡುವ ಆರೋಗ್ಯ ರಕ್ಷಾ ಸಮಿತಿಯ ಸದಸ್ಯರೊಬ್ಬರ ಕಿವಿಗೆ ಹಾಕಿದೆವು.

ದುಡ್ಡು ತಗೊಳ್ಳುವುದು ನಿಂತಿತಾ? ಇಲ್ಲ. ಮೇಜಿನ ಕಣ್ಣಿಗೆ ಬೀಳುವ ಕಡೆ ಕಮ್ಮಿಯಾಯಿತು, ಅಷ್ಟೇ. ಬ್ಯಾಂಕಿನವರಿಗೆ ಇದರಲ್ಲಿ ಇವತ್ತಿಗೂ ಸಮಾಧಾನ ಇಲ್ಲ, ಅವರ ಅಸಮಾಧಾನ ನ್ಯಾಯವಾದದ್ದೇ ಅಂತ ನನಗೂ ಅನ್ನಿಸುತ್ತದೆ. ಆದರೆ ಮೇಜು ಉಳಿಯಿತು. ಅದೇ ನೌಕರರು ಮುಂದೆ ನಮಗೆ ಎಷ್ಟು ಉಪಯೋಗಕ್ಕೆ ಬಂದರು ಅಂತ ಕೆಳಗೆ ಬರುತ್ತದೆ.

ರಿಪೋರ್ಟ್ ಓದಿದ್ದು

ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಒಂದು ಕಾಗದದಿಂದ.

ಮೆಕ್ಕೆಜೋಳದ ಕಟಾವಿಗೆ ಕೂಲಿ ಹೋಗುತ್ತಿದ್ದ ಮಧ್ಯವಯಸ್ಸಿನ ಒಬ್ಬರು. ಮೈಕೈ ನೋವಿಗೆ ಅಂಗಡಿಯಿಂದ ನೋವಿನ ಮಾತ್ರೆ ತಂದು ದಿನಾ ನುಂಗುತ್ತಿದ್ದರು. ಆಮೇಲೆ ವಾಂತಿ-ಭೇದಿ ಹಿಡಿದು ಸುಸ್ತಾಗಿ ದಾಖಲಾಗಿದ್ದರು. ಲ್ಯಾಬಿನಿಂದ ಬಂದ ರಿಪೋರ್ಟ್ ಹಿಡಿದು ಅವರ ಮಗಳು ಮೇಜಿಗೆ ಬಂದಳು. ಯಾವ ಡಾಕ್ಟರಿಗೆ ತೋರಿಸಬೇಕು ಅಂತ ಕೇಳಲು ಬಂದದ್ದು, ಅಷ್ಟೇ. ಮೇಜಿನಲ್ಲಿದ್ದ ಹುಡುಗ ಕಾಗದ ಬಿಚ್ಚಿದ. ಕ್ರಿಯಾಟಿನಿನ್, ಅಂದರೆ ಕಿಡ್ನಿ ಹೊರಗೆ ಹಾಕಬೇಕಾದ ರಕ್ತದ ಕಲ್ಮಶ, ಆರಕ್ಕಿಂತ ಮೇಲೆ. ಅದರ ಪಕ್ಕದಲ್ಲೇ ಮಾಮೂಲಿ ಎಷ್ಟಿರಬೇಕು ಅಂತ ಅಚ್ಚಾಗಿರುತ್ತದೆ, ಒಂದರ ಆಸುಪಾಸು. ಹುಡುಗನ ಮುಖ ನೋಡಿಯೇ ಆಕೆಗೆ ಗಾಬರಿಯಾಯಿತು. ಏನಣ್ಣ, ಏನಾಗಿದೆ ಅಂತ ಕೇಳಿದಳು. "ಕಿಡ್ನಿ ಎರಡೂ ಹೋಗಿದೆ ಅನ್ಸುತ್ತೆ ಅಕ್ಕ, ಡಯಾಲಿಸಿಸ್ ಲೈಫ್‌ಲಾಂಗ್ ಆಗ್ಬೋದು" ಅಂದುಬಿಟ್ಟ. ಕೆಟ್ಟ ಹುಡುಗನಲ್ಲ. ಅವರ ಮನೆಯಲ್ಲಿ ಅಜ್ಜನಿಗೆ ಹಾಗಾಗಿತ್ತಂತೆ.

ಮಧ್ಯಾಹ್ನದ ಹೊತ್ತಿಗೆ ಮನೆಯವರೆಲ್ಲ ಸೇರಿ, ಜೀವನಪೂರ್ತಿ ಡಯಾಲಿಸಿಸ್ ಮಾಡಿಸಲು ನಮ್ಮಿಂದ ಆಗುವುದಿಲ್ಲ ಅಂತ ಸಹಿ ಹಾಕಿಕೊಟ್ಟು ಬಿಡಿಸಿಕೊಂಡು ಹೋದರು. ಯಾರೋ ನಾಟಿ ಔಷಧಿ ಕೊಡುವವರ ಹತ್ತಿರ ಹೋದರು ಅಂತ ಪಕ್ಕದ ಮಂಚದವರು ಹೇಳಿದರು. ಎರಡು ದಿನ ಬಿಟ್ಟು ರಾತ್ರಿ 108ರಲ್ಲಿ ವಾಪಸ್ ಬಂದರು. ಮೂತ್ರ ಪೂರ್ತಿ ನಿಂತಿತ್ತು, ಉಸಿರಾಟಕ್ಕೆ ಕಷ್ಟ ಪಡುತ್ತಿದ್ದರು.

ಬದುಕಿದರು. ಕೆಲವು ಸಲ ಡಯಾಲಿಸಿಸ್ ಆಯಿತು, ಆಮೇಲೆ ಅದರ ಅಗತ್ಯವೇ ಬೀಳಲಿಲ್ಲ. ನೋವಿನ ಮಾತ್ರೆ ಮತ್ತು ವಾಂತಿ-ಭೇದಿಯಿಂದ ಮೈಯಲ್ಲಿ ನೀರು ಕಮ್ಮಿಯಾದದ್ದು ಎರಡೂ ಸೇರಿ ಕಿಡ್ನಿಗೆ ತತ್ಕಾಲಕ್ಕೆ ಪೆಟ್ಟು ಬಿದ್ದಿತ್ತು. ಅಂಥದ್ದು ಎಷ್ಟೋ ಸಲ ವಾಪಸ್ ಸರಿಹೋಗುತ್ತದೆ. ಡಾಕ್ಟರ್ ನಮ್ಮನ್ನು ಕರೆಸಿ ಹೇಳಿದ್ದು ಇದನ್ನೇ: ಒಂದು ದಿನದ ಒಂದು ನಂಬರ್ ನೋಡಿ, ಇದು ಹೊಸದಾಗಿ ಆದದ್ದೋ ವರ್ಷಗಳಿಂದ ಇದ್ದದ್ದೋ ಅಂತ ನಾನೇ ಹೇಳುವುದಿಲ್ಲ, ನಿಮ್ಮ ಹುಡುಗ ಹೇಳಿದ್ದಾನೆ. ಅವರು ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿ ಇತ್ತು.

ಮೇಜು ಅವತ್ತು ಮುಚ್ಚಿಹೋಗಬೇಕಿತ್ತು. ಮುಚ್ಚಲಿಲ್ಲ, ಯಾಕಂದರೆ ನರ್ಸಮ್ಮ ಮರುದಿನವೇ ಒಂದು ಹೊಸ ನಿಯಮ ಬರೆದುಕೊಂಡು ಹೋಗಿ ಡಾಕ್ಟರ ಮುಂದಿಟ್ಟರು. ರಿಪೋರ್ಟಿನಲ್ಲಿ ಸ್ವಯಂಸೇವಕರು ನೋಡುವುದು ಮೂರೇ: ಹೆಸರು, ತಾರೀಕು, ಯಾವ ವಿಭಾಗ. ಕಾಗದವನ್ನು ಮಡಿಸಿದ ಹಾಗೇ ಹಿಡಿಯಬೇಕು, ಮೇಲಿನ ಭಾಗ ಮಾತ್ರ ಕಾಣಬೇಕು. "ಏನಿದೆ ಇದರಲ್ಲಿ" ಅಂತ ಕೇಳಿದರೆ ಹೇಳಬೇಕಾದದ್ದು ಒಂದೇ ವಾಕ್ಯ: "ಇದನ್ನ ಡಾಕ್ಟರೇ ಓದಿ ಹೇಳಬೇಕು, ಬನ್ನಿ, ಅವರ ಹತ್ತಿರ ಕರ್ಕೊಂಡು ಹೋಗ್ತೀನಿ." ಕರೆದುಕೊಂಡು ಹೋಗುವುದು ಮುಖ್ಯ. ಬರೀ "ನನಗೆ ಗೊತ್ತಿಲ್ಲ" ಅಂದರೆ ಜನ ಮುಖ ಓದುತ್ತಾರೆ, ಇಲ್ಲದ್ದನ್ನೆಲ್ಲ ಊಹಿಸಿಕೊಳ್ಳುತ್ತಾರೆ. ಎದ್ದು ಜೊತೆಗೆ ನಡೆದರೆ ಆ ಊಹೆಗೆ ಅವಕಾಶ ಕಮ್ಮಿ.

ಹುಡುಗ ಬರುವುದು ನಿಲ್ಲಿಸಿದ. ನರ್ಸಮ್ಮ ಅವನ ಮನೆಗೇ ಹೋಗಿ ಬಂದರು. ಈಗ ಗೇಟಿನಲ್ಲಿ ಕುರ್ಚಿ ತಳ್ಳುತ್ತಾನೆ, ಹೊಸಬರು ಬಂದರೆ ಕಾಗದ ಮಡಿಸಿ ಹಿಡಿಯುವುದನ್ನು ಹೇಳಿಕೊಡುವವನೂ ಅವನೇ.

ಹಸಿದ ಹೊಟ್ಟೆಯ ಸಾಲು

ಇಷ್ಟರಲ್ಲಿ ನೋಟ್‌ಬುಕ್ ದಪ್ಪ ಆಗಿತ್ತು. ಯಾರೂ ಅದನ್ನು ಹಿಂದಕ್ಕೆ ತಿರುವಿ ನೋಡಿರಲಿಲ್ಲ. ಒಂದು ಭಾನುವಾರ ಕೂತು ಪ್ರಶ್ನೆಗಳನ್ನು ಗಂಟೆಯ ಪ್ರಕಾರ ಬೇರೆ ಮಾಡಿದಾಗ ವಿಷಯ ಕಣ್ಣಿಗೆ ರಾಚಿತು. ಬೆಳಗ್ಗೆ ಕೇಳುವುದು "ಚೀಟಿ ಎಲ್ಲಿ ಮಾಡಿಸ್ಬೇಕು." ಹನ್ನೊಂದರ ಹೊತ್ತಿಗೆ "ಲ್ಯಾಬ್ ಎಲ್ಲಿ." ಮಧ್ಯಾಹ್ನದ ಮೇಲೆ ಒಂದೇ ಪ್ರಶ್ನೆ, ಪುಟಗಟ್ಟಲೆ: "ರಿಪೋರ್ಟ್ ಯಾವಾಗ ಬರುತ್ತೆ, ನಮ್ ಬಸ್ ಹೋಗುತ್ತೆ."

ನಡೆಯುತ್ತಿದ್ದದ್ದು ಹೀಗೆ. ಹಳ್ಳಿಯಿಂದ ಮೊದಲ ಬಸ್ಸಿಗೆ ಹೊರಟವರು ಒಂಬತ್ತರ ಆಸುಪಾಸಿಗೆ ಬರುತ್ತಾರೆ. ಚೀಟಿಯ ಸಾಲು, ಆಮೇಲೆ ಡಾಕ್ಟರ ಸಾಲು. ಡಾಕ್ಟರ್ ನೋಡಿ ರಕ್ತ ಪರೀಕ್ಷೆ ಬರೆಯುವಾಗ ಹನ್ನೊಂದೂವರೆ. ಲ್ಯಾಬಿನ ಸಾಲು ಮುಗಿದು ರಕ್ತ ಕೊಟ್ಟಾಗ ಮಧ್ಯಾಹ್ನ. ರಿಪೋರ್ಟ್ ಕೈಗೆ ಬರುವ ಹೊತ್ತಿಗೆ ಆ ಡಾಕ್ಟರ್ ವಾರ್ಡಿಗೋ ಆಪರೇಷನ್ನಿಗೋ ಹೋಗಿರುತ್ತಾರೆ. "ನಾಳೆ ಬನ್ನಿ." ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದ ಮೇಲೆ ಈ ನಾಳೆ ಬನ್ನಿ ಅನ್ನುವುದು ಇನ್ನೂ ಸಲೀಸಾಯಿತು ಅಂತ ನನಗೆ ಅನ್ನಿಸುತ್ತದೆ. "ಬಸ್ ಫ್ರೀ ಅಲ್ವಾ ಅಮ್ಮ, ನಾಳೆ ಬನ್ನಿ" ಅಂತ ಕೌಂಟರಿನಲ್ಲಿ ಹೇಳುವುದನ್ನು ಕಿವಿಯಾರೆ ಕೇಳಿದ್ದೇವೆ. ಬಸ್ ಫ್ರೀ ನಿಜ. ಅಡಿಕೆ ಸುಲಿಯುವ ಕಾಲದಲ್ಲಿ ಒಂದು ದಿನದ ಕೂಲಿ ಬಿಟ್ಟು ಬರುವುದು ಫ್ರೀ ಅಲ್ಲ.

ಇದರಲ್ಲೂ ಕಷ್ಟ ಜಾಸ್ತಿ ಸಕ್ಕರೆ ಕಾಯಿಲೆಯವರಿಗೆ. ಒಂದು ಬೆಳಗ್ಗೆ ಚೀಟಿಯ ಸಾಲಿನಲ್ಲಿ ಒಬ್ಬ ಅಜ್ಜಿ ಕುಸಿದು ಕೂತರು. ಮೈ ಬೆವರಿ ತಣ್ಣಗಾಗಿತ್ತು, ಕೈ ನಡುಗುತ್ತಿತ್ತು. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕು ಅಂತ ಹಿಂದಿನ ರಾತ್ರಿಯಿಂದ ಏನೂ ತಿಂದಿರಲಿಲ್ಲ. ಆದರೆ ಮಾತ್ರೆ ತಪ್ಪಿಸಬಾರದು ಅಂತ ಬೆಳಗ್ಗೆ ಎದ್ದ ಕೂಡಲೇ ಸಕ್ಕರೆ ಇಳಿಸುವ ಮಾತ್ರೆ ನುಂಗಿದ್ದರು. ಚೀಲದಲ್ಲಿ ಸ್ಟೀಲ್ ಡಬ್ಬಿ ಇತ್ತು, ಅದರಲ್ಲಿ ಎರಡು ರೊಟ್ಟಿ, ಒಣ ಚಟ್ನಿ. ರಕ್ತ ಕೊಟ್ಟ ಮೇಲೆ ತಿನ್ನೋಣ ಅಂತ ಕಟ್ಟಿಕೊಂಡು ಬಂದಿದ್ದರು. ತಳ್ಳುವ ಕುರ್ಚಿಯನ್ನು ಯಾರೂ ಕೇಳದೇ ತಂದವನು, ಅವತ್ತು ಪೆನ್ಶನ್ ಮಾತಾಡಿದ್ದನಲ್ಲ, ಅದೇ ನೌಕರ. ತುರ್ತು ವಿಭಾಗದಲ್ಲಿ ನೋಡಿದರೆ ಸಕ್ಕರೆ ಪಾತಾಳಕ್ಕೆ ಇಳಿದಿತ್ತು. ಗ್ಲೂಕೋಸ್ ಹಾಕಿದ ಮೇಲೆ ಕಣ್ಣು ಬಿಟ್ಟು ಮೊದಲು ಕೇಳಿದ್ದು, "ನನ್ ಪಾಳಿ ಹೋಯ್ತಾ?"

ಈಗ ಏನು ಮಾಡಬೇಕು? ಪತ್ರಿಕೆಗೆ ಕೊಡೋಣ ಅಂದವರಿದ್ದರು. ಪೇಪರಿನಲ್ಲಿ ಬಂದರೆ ಒಂದು ವಾರ ಎಲ್ಲರೂ ಚುರುಕಾಗುತ್ತಾರೆ, ಆಮೇಲೆ ನಮ್ಮನ್ನು ಕಂಡರೆ ಬಾಗಿಲು ಹಾಕಿಕೊಳ್ಳುತ್ತಾರೆ. ನೋಟ್‌ಬುಕ್ ತಗೊಂಡು ಸೀದಾ ನಿವಾಸಿ ವೈದ್ಯಾಧಿಕಾರಿಯ ಹತ್ತಿರ ಹೋದೆವು. ದೂರು ಅಂತ ಹೇಳಲಿಲ್ಲ. ಗಂಟೆವಾರು ಪ್ರಶ್ನೆಗಳ ಒಂದು ಹಾಳೆ ಮುಂದಿಟ್ಟೆವು. ಅವರು ಅದನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದು ನನಗೆ ಗೊತ್ತಿರೋ ವಿಷಯಾನೇ. ಆದ್ರೆ ಯಾರೂ ಬರೆದು ತಂದಿರಲಿಲ್ಲ" ಅಂದರು.

ಪರಿಹಾರ ಕೊಟ್ಟದ್ದು ನಾವಲ್ಲ, ಅವರು ಮತ್ತು ಮೆಡಿಸಿನ್ ವಿಭಾಗದ ಡಾಕ್ಟರ್ ಕೂತು ಮಾಡಿದ್ದು. ಬಿಪಿ, ಸಕ್ಕರೆ, ಥೈರಾಯ್ಡ್ ಅಂತ ಪದೇ ಪದೇ ಬರುವವರಿಗೆ ಮುಂದಿನ ಸಲ ಯಾವ ಪರೀಕ್ಷೆ ಬೇಕು ಅನ್ನುವುದು ಈ ಸಲವೇ ಗೊತ್ತಿರುತ್ತದೆ. ಹಾಗಾಗಿ ಚೀಟಿಯ ಹಿಂದೆ ಒಂದು ಮೊಹರು ಹಾಕಿ, ಮುಂದಿನ ತಾರೀಕು ಮತ್ತು ಪರೀಕ್ಷೆ ಬರೆದು ಕೊಡುವುದು. ಆ ಮೊಹರು ಇದ್ದವರು ಬಂದ ಕೂಡಲೇ ನೇರ ಲ್ಯಾಬಿಗೆ, ಎಂಟರಿಂದ ಒಂಬತ್ತೂವರೆವರೆಗೆ ಅವರಿಗೆ ಪ್ರತ್ಯೇಕ ಸಾಲು. ರಕ್ತ ಕೊಟ್ಟು, ತಿಂಡಿ ತಿಂದು, ಆಮೇಲೆ ಡಾಕ್ಟರ ಸಾಲು. ಅವರ ಪಾಳಿ ಬರುವಷ್ಟರಲ್ಲಿ ರಿಪೋರ್ಟ್ ಬಂದಿರುತ್ತದೆ. ಮೊಹರಿನ ಕೆಳಗೆ ಇನ್ನೊಂದು ಸಾಲು ಡಾಕ್ಟರೇ ಸೇರಿಸಿದರು: ಅವತ್ತು ಬೆಳಗಿನ ಸಕ್ಕರೆ ಮಾತ್ರೆ ತಿಂಡಿಯ ಜೊತೆಗೆ, ಖಾಲಿ ಹೊಟ್ಟೆಗೆ ಬೇಡ, ನೀರು ಕುಡಿಯಬಹುದು. ನೀರೂ ಕುಡಿಯದೆ ಬರುತ್ತಿದ್ದವರು ಎಷ್ಟು ಜನ ಅಂತ ಆಮೇಲೆ ಗೊತ್ತಾಯಿತು.

ನಮ್ಮ ಪಾಲಿಗೆ ಬಂದ ಕೆಲಸ ಚಿಕ್ಕದು. ಬಾಗಿಲಲ್ಲಿ ನಿಂತು, ಚೀಟಿ ತಿರುಗಿಸಿ ಹಿಂಬದಿ ನೋಡಿ, ಮೊಹರು ಇದ್ದರೆ ಎಡಕ್ಕೆ ಕಳಿಸುವುದು. ಓದು ಬಾರದವರಿಗೆ ಆ ಎರಡು ಸಾಲನ್ನು ಓದಿ ಹೇಳುವುದು. ಅಕ್ಷರಶಃ ಓದುವುದು, ನಮ್ಮದೊಂದು ಪದವನ್ನೂ ಸೇರಿಸದೆ.

ಎಷ್ಟು ಉಳಿಯಿತು

ಕೆಲವು ತಿಂಗಳು ಚೆನ್ನಾಗಿ ನಡೆಯಿತು. ಮಧ್ಯಾಹ್ನದ "ಬಸ್ ಹೋಗುತ್ತೆ" ಪುಟಗಳು ತೆಳ್ಳಗಾದವು. ಆಮೇಲೆ ಲ್ಯಾಬಿನ ಒಬ್ಬ ಟೆಕ್ನಿಷಿಯನ್ ಹೆರಿಗೆ ರಜೆ ಮೇಲೆ ಹೋದರು, ಬೆಳಗಿನ ಸಾಲು ನಿಂತಿತು. ಅದು ಶುರುವಾಗುವಷ್ಟರಲ್ಲಿ ಮೆಡಿಸಿನ್ ಡಾಕ್ಟರಿಗೆ ವರ್ಗಾವಣೆ. ಹೊಸಬರು ಬಂದರು, ಒಳ್ಳೆಯವರು, ಆದರೆ ಮೊಹರು ಏನು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಮೊಹರು ಡ್ರಾಯರಿನಲ್ಲೇ ಉಳಿಯಿತು.

ಆಗ ಆದ ತೀರ್ಮಾನವೇ ನನ್ನ ಮಟ್ಟಿಗೆ ಈ ಇಡೀ ಪ್ರಕರಣದ ತಿರುವು. ಹೊಸ ಡಾಕ್ಟರನ್ನು ಹೋಗಿ ಬೇಡಿಕೊಳ್ಳುವುದು ಸುಲಭ ಇತ್ತು, ಅವರು ಒಪ್ಪುತ್ತಲೂ ಇದ್ದರು. ಆದರೆ ಅವರು ಹೋದ ಮೇಲೆ ಮತ್ತೆ ಬೇಡಬೇಕು. ಅದಕ್ಕೆ ನಾವು ವಿಷಯವನ್ನು ಆರೋಗ್ಯ ರಕ್ಷಾ ಸಮಿತಿಯ ಸಭೆಗೆ ತರಿಸಿದೆವು. ಸಭೆಯ ನಡಾವಳಿಯಲ್ಲಿ ಎರಡು ಸಾಲು ಬರೆಸಿ, ಅದರ ಆಧಾರದ ಮೇಲೆ ಕಚೇರಿ ಆದೇಶ ಹೊರಡಿಸುವವರೆಗೆ ಹಿಂದೆ ಬಿದ್ದೆವು. ಇಲ್ಲಿ ಬ್ಯಾಂಕಿನವರು ಸರಿಯಾಗಿ ಉಪಯೋಗಕ್ಕೆ ಬಂದರು. ಫೈಲು ಯಾವ ಮೇಜಿನಲ್ಲಿ ನಿಂತಿದೆ ಅಂತ ಹುಡುಕಿ ಹೋಗುವ ತಾಳ್ಮೆ ಅವರಿಗಿದ್ದಷ್ಟು ನಮ್ಮಲ್ಲಿ ಬೇರೆ ಯಾರಿಗೂ ಇಲ್ಲ. ಈಗ ಬೆಳಗಿನ ಸಾಲು ಯಾರದೋ ಒಳ್ಳೆಯತನ ಅಲ್ಲ, ಆಸ್ಪತ್ರೆಯ ಆದೇಶ. ಟೆಕ್ನಿಷಿಯನ್ ಕೊರತೆ ಇದ್ದಾಗ ಈಗಲೂ ತಡ ಆಗುತ್ತದೆ. ಆದರೆ ನಿಲ್ಲುವುದಿಲ್ಲ.

ಬೇರೆ ಊರಿನಲ್ಲಿ ಇಂಥದ್ದನ್ನು ಶುರು ಮಾಡುವವರು ನನ್ನನ್ನು ಕೇಳಿದರೆ ಮೊದಲು ಹೇಳುವುದು, ಕೆಲಸ ಹುಡುಕುವಾಗ ಎರಡು ಕೌಂಟರಿನ ಮಧ್ಯೆ ನೋಡಿ ಅಂತ. ಕೌಂಟರಿನ ಒಳಗೆ ಸಂಬಳದವರು ಇದ್ದಾರೆ, ಅವರ ಜಾಗಕ್ಕೆ ಹೋದರೆ ಅವರ ಕೆಲಸವನ್ನೂ ಕೆಡಿಸುತ್ತೀರಿ, ಸರ್ಕಾರ ಜನ ನೇಮಿಸದೇ ಇರಲು ನೆಪವನ್ನೂ ಕೊಡುತ್ತೀರಿ. ಚೀಟಿ ಕೌಂಟರಿಗೂ ಲ್ಯಾಬಿಗೂ ಮಧ್ಯೆ, ಗೇಟಿಗೂ ಬಾಗಿಲಿಗೂ ಮಧ್ಯೆ, ಖಾಸಗಿ ಆಸ್ಪತ್ರೆ ವಾಪಸ್ ಕಳಿಸಿದ ಕಾಗದಕ್ಕೂ ಆರೋಗ್ಯ ಮಿತ್ರನ ಕೋಣೆಗೂ ಮಧ್ಯೆ ಯಾರೂ ಇರುವುದಿಲ್ಲ. ರೋಗಿ ಕಳೆದುಹೋಗುವುದು ಅಲ್ಲೇ. ಇನ್ನೊಂದು, ನೋಟ್‌ಬುಕ್ ಇಡಿ, ತಿಂಗಳಿಗೊಮ್ಮೆ ತಿರುವಿ ಹಾಕಿ. "ಜನರಿಗೆ ತುಂಬ ತೊಂದರೆ ಆಗ್ತಿದೆ ಸಾರ್" ಅಂತ ಹೇಳಿದಾಗ ಯಾವ ಅಧಿಕಾರಿಯೂ ತಲೆ ಎತ್ತುವುದಿಲ್ಲ. ಗಂಟೆವಾರು ಹಾಳೆ ಕೊಟ್ಟರೆ ಎತ್ತುತ್ತಾರೆ.

ತಂಡದ ಗಾತ್ರದ ಬಗ್ಗೆ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸುವುದಿಲ್ಲ. ಶುರುವಿನಲ್ಲಿ ಉತ್ಸಾಹದಿಂದ ಸೇರಿದವರಲ್ಲಿ ಹೆಚ್ಚಿನವರು ಬಿಟ್ಟುಹೋದರು, ಅದರಿಂದ ಮೇಜಿಗೆ ನಷ್ಟ ಆಗಲಿಲ್ಲ. ಪ್ರತಿ ಮಂಗಳವಾರ ಬರುತ್ತೇನೆ ಅಂದವರು ಪ್ರತಿ ಮಂಗಳವಾರ ಬಂದರೆ ಸಾಕು. ಯಾವಾಗ ಬೇಕಾದರೂ ಬರುತ್ತೇನೆ ಅನ್ನುವವರನ್ನು ಈಗ ನಾವು ಸೇರಿಸಿಕೊಳ್ಳುವುದೇ ಇಲ್ಲ.

ಸದ್ಯ ತಂಡದಲ್ಲಿ ಹೊಸ ವಾದ ನಡೆಯುತ್ತಿದೆ. ಮೊಹರು ಹಾಕಿಸಿಕೊಂಡವರ ಫೋನ್ ನಂಬರ್ ತಗೊಂಡು, ಹಿಂದಿನ ದಿನ ವಾಟ್ಸಾಪಿನಲ್ಲಿ ನೆನಪಿಸೋಣ ಅಂತ ಹುಡುಗರ ಆಸೆ. ನರ್ಸಮ್ಮ ಖಡಾಖಂಡಿತ ಬೇಡ ಅನ್ನುತ್ತಾರೆ. ಎಷ್ಟೋ ಮನೆಗಳಲ್ಲಿ ಫೋನ್ ಇರುವುದು ಒಂದೇ, ಅದು ಮಗನ ಕೈಯಲ್ಲಿ, ಸೊಸೆಗೆ ಥೈರಾಯ್ಡ್ ಇದೆ ಅಂತ ಆ ಮನೆಯಲ್ಲಿ ಯಾರಿಗೆ ಗೊತ್ತಾಗಬೇಕು ಅನ್ನುವುದು ನಾವು ತೀರ್ಮಾನಿಸುವ ವಿಷಯ ಅಲ್ಲ. ನಾನು ಅವರ ಕಡೆ. ಅದಕ್ಕಿಂತ ದೊಡ್ಡ ಗಂಟು ಸ್ಕ್ಯಾನಿಂಗಿನದು. ರೇಡಿಯಾಲಜಿಸ್ಟ್ ಒಬ್ಬರೇ, ಬಸುರಿಯರಿಗೆ ಮೊದಲು ಮಾಡಬೇಕು, ಹೊಟ್ಟೆನೋವಿನವರ ಪಾಳಿ ವಾರಗಳ ಆಚೆ ಹೋಗುತ್ತದೆ. ಇದು ಮೊಹರಿನಿಂದ ಬಗೆಹರಿಯುವುದಲ್ಲ, ಹುದ್ದೆ ತುಂಬಬೇಕು. ಆ ಹಾಳೆಯೂ ಸಿದ್ಧ ಆಗಿದೆ, ಮುಂದಿನ ಸಮಿತಿ ಸಭೆಯ ವಿಷಯಪಟ್ಟಿಗೆ ಸೇರಿಸಲು ಬ್ಯಾಂಕಿನವರು ಓಡಾಡುತ್ತಿದ್ದಾರೆ.